ದೂರು ಕೇಳುವ ಧ್ಯಾನ: 2025ರ ದಿನಚರಿಯ ಕೆಲವು ಪುಟಗಳು

ಮೇ 12, ಸೋಮವಾರ. ಬುದ್ಧ ಪೂರ್ಣಿಮೆ

ಸಂಜೆ ತೋಪಿನ ಕಡೆ ಹೋಗಿ ಬಂದೆ. ಈ ಸಲ ತೋತಾಪುರಿ ಕೊಂಬೆ ಬಗ್ಗುವಷ್ಟು ಕಾಯಿ ಹಿಡಿದಿದೆ. ಫಸಲು ಬಂದ ವರ್ಷ ಬೆಲೆ ಬರಲ್ಲ ಅಂತ ನಮ್ಮ ಯಜಮಾನರು ಈಗಲೇ ಗೊಣಗುತ್ತಿದ್ದಾರೆ. ಶ್ರೀನಿವಾಸಪುರದ ಸೀಮೆಯಲ್ಲಿ ಈ ಗೊಣಗು ಮಾವಿನಷ್ಟೇ ಹಳೆಯದು.

ಮೈದುನ ವಿಪಶ್ಯನ ಶಿಬಿರಕ್ಕೆ ಹೆಸರು ಕೊಟ್ಟಿದ್ದಾನೆ. ಬೆಂಗಳೂರಿನಾಚೆ ತುಮಕೂರು ರಸ್ತೆ ಕಡೆಯ ಆಲೂರಿನಲ್ಲಿ ಧಮ್ಮ ಪಫುಲ್ಲ ಅಂತ ಕೇಂದ್ರವಿದೆ. ಹತ್ತು ದಿನ ಮಾತಿಲ್ಲ, ಫೋನಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಾರೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆದು ಬರೆದು ಅವನಿಗೆ ರಾತ್ರಿ ನಿದ್ದೆ ಹೋಗಿದೆ. ಕಣ್ಣು ಮುಚ್ಚಿದರೆ ಬಾಕ್ಸುಗಳೇ ಕಾಣುತ್ತವಂತೆ. ಹೋಗಿ ಬರಲಿ ಎಂದೆ. ನಮ್ಮತ್ತೆ ಮಾತ್ರ ಒಲೆ ಮುಂದಿನಿಂದ ಏಳದೆಯೇ ಕೇಳಿದರು: "ಅಲ್ಲ ಕಣಪ್ಪಾ, ಹತ್ತು ದಿನ ನೀವು ಕಣ್ಮುಚ್ಕೊಂಡು ಕೂತಿದ್ರೆ ಅನ್ನ ಬೇಯಿಸೋರು ಯಾರು?"

ಅವನು ನಕ್ಕ. ಉತ್ತರ ಅವನಿಗೂ ಗೊತ್ತಿರಲಿಲ್ಲ.

ರಾತ್ರಿ ಜಿ.ಪಿ. ರಾಜರತ್ನಂ ಅವರ ಬೌದ್ಧ ಸಾಹಿತ್ಯದ ಪುಸ್ತಕ ತೆಗೆದೆ. 'ರತ್ನನ ಪದಗಳು' ಬರೆದ ಕೈಯೇ ಪಾಳಿಯಿಂದ ಬುದ್ಧನ ಮಾತುಗಳನ್ನು ತಿಳಿಗನ್ನಡಕ್ಕೆ ತಂದದ್ದು. ಪಾಠ ಮಾಡುವಾಗ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಮೇ 26, ಸೋಮವಾರ

ಮೈದುನ ಬಂದ. ಮುಖ ಇಳಿದಿದೆ, ಕಣ್ಣು ತಿಳಿಯಾಗಿದೆ. ಮೊದಲ ಮೂರು ದಿನ ಮಂಡಿನೋವು, ನಾಲ್ಕನೇ ದಿನದಿಂದ ಮೈಮೇಲಿನ ಒಂದೊಂದು ಸಂವೇದನೆಯೂ ತಿಳಿಯಲು ಶುರುವಾಯಿತು ಎಂದ. ನನಗೆ ಬೇಕಾಗಿದ್ದದ್ದು ಅತ್ತೆಯ ಪ್ರಶ್ನೆಗೆ ಉತ್ತರ. ಅದನ್ನೂ ತಂದಿದ್ದ. ಅಲ್ಲಿ ಅಡುಗೆ ಮಾಡಿ ಬಡಿಸುವವರಲ್ಲಿ ಬಹುಪಾಲು ಹಿಂದೆ ಶಿಬಿರದಲ್ಲಿ ಕೂತು ಎದ್ದವರೇ. ಸಂಬಳವಿಲ್ಲ, ಸೇವೆ. ಶಿಬಿರಕ್ಕೆ ಶುಲ್ಕವೂ ಇಲ್ಲ. ಮುಗಿಸಿದವರು ಮುಂದೆ ಬರುವವರಿಗಾಗಿ ಕೈಲಾದಷ್ಟು ಕೊಡಬಹುದು. "ಹಂಗಾದ್ರೆ ಸರಿ" ಎಂದು ಅತ್ತೆ ತೀರ್ಪು ಕೊಟ್ಟರು.

ವಿನಯಪಿಟಕದ ಒಂದು ಪ್ರಸಂಗ ನೆನಪಾಯಿತು. ಭೇದಿಯಿಂದ ಬಿದ್ದಿದ್ದ ಭಿಕ್ಷುವೊಬ್ಬ ತನ್ನ ಹೊಲಸಿನಲ್ಲೇ ಹೊರಳುತ್ತಿದ್ದ. ಉಳಿದವರೇಕೆ ನೋಡಿಕೊಳ್ಳುತ್ತಿಲ್ಲ ಎಂದು ಬುದ್ಧ ಕೇಳಿದರೆ, ನಾನು ಅವರಿಗೆ ಏನೂ ಮಾಡಿಕೊಟ್ಟಿಲ್ಲ, ಅದಕ್ಕೆ ಎಂದ. ಬುದ್ಧ ಆನಂದನಿಂದ ನೀರು ತರಿಸಿ, ತಾನೇ ಹೊಯ್ದು, ಆ ಭಿಕ್ಷುವಿನ ಮೈ ತೊಳೆಸಿ ಮಲಗಿಸಿದ. ಆಮೇಲೆ ಭಿಕ್ಷುಗಳನ್ನು ಕರೆಸಿ, ನಿಮಗಿಲ್ಲಿ ಅಪ್ಪ ಅಮ್ಮ ಇಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಿ ಎಂದ. ಅಷ್ಟು ಜನ ಧ್ಯಾನಿಗಳಿದ್ದ ವಿಹಾರದಲ್ಲಿ ಒಬ್ಬನ ನರಳಾಟ ಯಾರಿಗೂ ಕೇಳಿಸದೆ ಹೋದದ್ದನ್ನು ಗ್ರಂಥ ಮುಚ್ಚಿಟ್ಟಿಲ್ಲ. ನನಗೆ ಆ ಪ್ರಾಮಾಣಿಕತೆ ಹಿಡಿಸಿತು.

ಗುರುವಾರದಿಂದ ಶಾಲೆ.

ಜೂನ್ 1, ಭಾನುವಾರ

ರಾಬರ್ಟ್‌ಸನ್‌ಪೇಟೆಯಲ್ಲಿ ನೆಂಟರ ಗೃಹಪ್ರವೇಶ. ಊಟ ಮುಗಿಸಿ ಮೈದುನನ ಬೈಕಿನಲ್ಲಿ ಚಾಂಪಿಯನ್ ರೀಫ್ಸ್ ಕಡೆ ಹೋದೆವು. ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಕಣ್ಣು ಕುಕ್ಕುತ್ತಿದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ಅಗೆದವರ ಮಕ್ಕಳು ಈಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಬೌದ್ಧ ಧರ್ಮ ಮತ್ತೆ ಬೇರು ಬಿಟ್ಟದ್ದು ಗಣಿ ಕಾರ್ಮಿಕರ ಈ ಲೈನ್ ಮನೆಗಳಲ್ಲಿ. ಅಯೋಧಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಇಲ್ಲಿನ ಮಾರಿಕುಪ್ಪಂನಲ್ಲಿ ಅದರ ಶಾಖೆ ಎದ್ದಿತು. ಅವರು 1907ರಲ್ಲಿ ಶುರುಮಾಡಿದ 'ತಮಿಳನ್' ಪತ್ರಿಕೆ, 1914ರಲ್ಲಿ ಅವರು ತೀರಿಕೊಂಡ ಮೇಲೆ ಒಂದು ಕಾಲಕ್ಕೆ ಇಲ್ಲಿಂದಲೇ ಹೊರಟಿತು. ಇಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ಅವರ ಬರಹಗಳನ್ನು ಅಚ್ಚು ಹಾಕಿಸಿತು. ಆಗಿನ ಗಣಿ ಕಾರ್ಮಿಕನಿಗೆ ಎಲ್ಲ ಬಿಟ್ಟು ಹತ್ತು ದಿನ ಕೂರುವ ಅನುಕೂಲ ಎಲ್ಲಿತ್ತು? ಪಾಳಿ ಮುಗಿಸಿ, ಮೈ ತೊಳೆದು, ಉಪನ್ಯಾಸಕ್ಕೆ ಬರುತ್ತಿದ್ದರು. ಓದು, ಪತ್ರಿಕೆ, ಪುರೋಹಿತರಿಲ್ಲದ ಮದುವೆ, ಇವೇ ಅವರ ಸಾಧನೆಯ ದಾರಿ.

"ಅವರು ಧ್ಯಾನ ಮಾಡ್ತಿರಲಿಲ್ವಾ ಅತ್ತಿಗೆ?" ಎಂದು ಮೈದುನ ಕೇಳಿದ. ಅಂಬೇಡ್ಕರ್ ಕೇಳಿದ ಪ್ರಶ್ನೆಯನ್ನು ಅವನಿಗೆ ಹೇಳಿದೆ. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ, ಹೊರಬಂದ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯಲ್ಲಿ ಅದಿದೆ. ಬುದ್ಧ ಭಿಕ್ಷುವನ್ನು ಸೃಷ್ಟಿಸಿದ್ದು ಪರಿಪೂರ್ಣ ಮನುಷ್ಯನೊಬ್ಬನನ್ನು ಮಾಡಲಿಕ್ಕೋ, ಜನರ ಸೇವಕನನ್ನು ಮಾಡಲಿಕ್ಕೋ? ಬರೀ ಪರಿಪೂರ್ಣನಾದರೆ ಅವನು ಸ್ವಾರ್ಥಿಯೇ, ಧಮ್ಮಕ್ಕೆ ಅವನಿಂದ ಉಪಯೋಗವಿಲ್ಲ ಎಂಬುದು ಅಂಬೇಡ್ಕರರ ವಾದ. ಮೈದುನ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿದ್ದೆ ಬರದೋನು ಯಾರ ಸೇವೆ ಮಾಡ್ತಾನೆ?" ಎಂದ. ಅದೂ ನಿಜ. ಇಬ್ಬರೂ ವಾದ ಮುಂದುವರಿಸಲಿಲ್ಲ.

ಜೂನ್ 7, ಶನಿವಾರ. ಮಾಲೂರು

ಬಕ್ರೀದ್ ರಜೆ. ಅಕ್ಕನ ಮನೆಗೆ ನಿನ್ನೆ ಸಂಜೆಯೇ ಬಂದೆ. ನಿನ್ನೆ ಮಾಸ್ತಿಯವರ ದಿನ. ಅವರು ಹುಟ್ಟಿದ್ದೂ ಜೂನ್ 6 (1891), ಹೋದದ್ದೂ ಜೂನ್ 6 (1986). ಇದೇ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಸೇರಿ, ಜಮಾಬಂದಿ, ಕಡತ, ಸರ್ಕೀಟುಗಳ ನಡುವೆಯೇ ಕಥೆ ಬರೆದರು. 1943ರಲ್ಲಿ ನೌಕರಿ ಬಿಟ್ಟು ಬಂದ ಮೇಲೂ ನಾಲ್ಕು ದಶಕ ಬರೆದರು.

ಅವರು 1933ರಲ್ಲಿ ಒಂದು ನಾಟಕ ಬರೆದಿದ್ದಾರೆ, 'ಯಶೋಧರಾ'. ಬುದ್ಧನ ಕಥೆ ಹೇಳುವವರೆಲ್ಲ ರಾತ್ರೋರಾತ್ರಿ ಹೊರಟವನ ಹಿಂದೆ ಹೋಗುತ್ತಾರೆ. ಮಾಸ್ತಿ ಮನೆಯಲ್ಲಿ ಉಳಿದವಳ ಹೆಸರನ್ನೇ ನಾಟಕಕ್ಕಿಟ್ಟರು. ಅದು ಮಾಲೂರಿನ ಅಮಲ್ದಾರಿಕೆ ಬುದ್ಧಿ ಎಂದು ನನಗೆ ಅನ್ನಿಸುತ್ತದೆ: ಒಬ್ಬ ಕೆಲಸ ಬಿಟ್ಟು ಹೋದರೆ ಆ ಕೆಲಸ ಯಾರ ಮೇಜಿಗೆ ಬಂದು ಬೀಳುತ್ತದೆ ಎಂದು ಮೊದಲು ನೋಡುವುದು.

ಅಕ್ಕನ ಮಗಳು ಊಟದ ಹೊತ್ತಿಗೆ ಬೇರೆ ಮಾತು ತೆಗೆದಳು. 2022ರ ಸೆಪ್ಟೆಂಬರಿನಲ್ಲಿ ಇದೇ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತರ ಹುಡುಗನೊಬ್ಬ ಮೆರವಣಿಗೆಯ ದೇವರ ಕೋಲು ಮುಟ್ಟಿದನೆಂದು ಅವನ ಮನೆಯವರಿಗೆ ಊರಿನವರು 60,000 ರೂಪಾಯಿ ದಂಡ ಹಾಕಿದ್ದು, ಪೊಲೀಸ್ ಕೇಸಾದದ್ದು ದೇಶಕ್ಕೆಲ್ಲ ಗೊತ್ತಾದ ಸುದ್ದಿ. ಆ ತಾಯಿ ಮನೆಯಲ್ಲಿದ್ದ ದೇವರ ಪಟ ತೆಗೆದು ಅಂಬೇಡ್ಕರರ ಪಟ ಇಟ್ಟರು. "ಅವರಿಗೆ ಹೋಗಿ ಮನಸ್ಸು ಶಾಂತವಾಗಿಟ್ಟುಕೊಳ್ಳಿ ಅನ್ನಕ್ಕಾಗುತ್ತಾ ಚಿಕ್ಕಮ್ಮ?" ಎಂದಳು. ಆಗುವುದಿಲ್ಲ. ಶಾಂತಿಯ ಪಾಠ ಮೊದಲು ಬೇಕಾದದ್ದು ದಂಡ ಹಾಕಿದವರಿಗೆ. ದಂಡ ಕಟ್ಟಬೇಕಾದವರಿಗೆ ಮೊದಲು ಬೇಕಾದದ್ದು ನ್ಯಾಯ. ಒಂದೇ ಮಾತನ್ನು ಇಬ್ಬರಿಗೂ ಹೇಳುವವನು ಧಮ್ಮ ಹೇಳುತ್ತಿಲ್ಲ.

ಜೂನ್ 15, ಭಾನುವಾರ

ನಿನ್ನೆ ಮನೆಗೆ ರೇಷ್ಮೆಯ ಚಾಕಿ ಹುಳು (ಮರಿಹುಳು) ಬಂದವು, ಎರಡನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಮುಗಿಸಿ ಎದ್ದವು. ಇನ್ನು ಎರಡೂವರೆ ವಾರ ಮನೆಯ ಗಡಿಯಾರ ಅವುಗಳದ್ದೇ.

ಈ ವಾರವೆಲ್ಲ ಶ್ರೀನಿವಾಸಪುರದಲ್ಲಿ ಮಾವಿನದೇ ಮಾತು, ಬಂದ್, ಧರಣಿ. ಚಿತ್ತೂರು ಜಿಲ್ಲಾಡಳಿತ ಈ ಕಡೆಯ ತೋತಾಪುರಿ ಗಡಿ ದಾಟದಂತೆ ತಡೆದಿದೆ. ನಮ್ಮ ಕಾಯಿ ತಿರುಳು ತೆಗೆಯುವ ಕಾರ್ಖಾನೆಗಳಿರುವುದು ಅಲ್ಲಿ. ಆಂಧ್ರ ಸರ್ಕಾರ ಅಲ್ಲಿನ ರೈತರಿಗೆ ಕೆಜಿಗೆ 12 ರೂಪಾಯಿ ಸಿಗುವಂತೆ ಮಾಡಿದೆ: ಕಾರ್ಖಾನೆಯಿಂದ 8, ಸರ್ಕಾರದಿಂದ 4. ಕಡಿಮೆ ಬೆಲೆಗೆ ನಮ್ಮ ಕಾಯಿ ಒಳಗೆ ಬಂದರೆ ಅವರ ಲೆಕ್ಕ ಕೆಡುತ್ತದೆ. ಇಲ್ಲಿ ಕೀಳುವ ಕೂಲಿಯೂ ಹುಟ್ಟದೆ ಕಾಯಿ ರಸ್ತೆಗೆ ಸುರಿಯುತ್ತಿದ್ದಾರೆ. ಈ ಕಡೆ ನಾವು, ಆ ಕಡೆ ಮದನಪಲ್ಲಿ, ಪುಂಗನೂರು. ಹೆಣ್ಣು ಕೊಟ್ಟು ತಂದ ಊರುಗಳು. ನಮ್ಮತ್ತೆಯ ತವರೂ ಅಲ್ಲೇ.

ರಾತ್ರಿ ಇವರಿಗೆ ರೋಹಿಣಿ ನದಿಯ ಕಥೆ ಹೇಳಿದೆ. ನದಿಯ ಒಂದು ದಡದಲ್ಲಿ ಶಾಕ್ಯರು, ಇನ್ನೊಂದು ದಡದಲ್ಲಿ ಕೋಲಿಯರು, ಪರಸ್ಪರ ಬೀಗರು. ಬೇಸಿಗೆಯಲ್ಲಿ ನೀರು ಕಮ್ಮಿಯಾಗಿ ಗದ್ದೆಯ ಆಳುಗಳ ನಡುವೆ ಬಾಯಿಮಾತು ಶುರುವಾಗಿ, ಅರಸರು ಕತ್ತಿ ಹಿಡಿದು ನಿಲ್ಲುವವರೆಗೆ ಬಂತು. ಬುದ್ಧ ನಡುವೆ ಬಂದು ಜಗಳ ಯಾತಕ್ಕೆ ಎಂದು ಕೇಳಿದ. ಅರಸರಿಗೆ ಗೊತ್ತಿಲ್ಲ, ದಳಪತಿಗಳಿಗೂ ಗೊತ್ತಿಲ್ಲ. ಕೇಳುತ್ತಾ ಕೇಳುತ್ತಾ ಕೊನೆಗೆ ಆಳುಗಳ ಹತ್ತಿರ ಬಂದರೆ ಅವರು ಹೇಳಿದರು: ನೀರಿಗೆ, ಸ್ವಾಮಿ. ನೀರಿನ ಬೆಲೆ ಎಷ್ಟು, ನಿಮ್ಮ ನೆತ್ತರಿನ ಬೆಲೆ ಎಷ್ಟು ಎಂದು ಆಮೇಲೆ ಬುದ್ಧ ಅರಸರನ್ನು ಕೇಳಿದ.

ಇವರು ಕೇಳಿ, "ಬುದ್ಧ ಹೊಳೆ ದಡಕ್ಕೆ ಬಂದ. ನಮ್ಮ ಚೆಕ್‌ಪೋಸ್ಟಿಗೆ ಯಾರು ಬರ್ತಾರೆ?" ಎಂದು ಮಗ್ಗುಲಾದರು. ನನಗೆ ನಿದ್ದೆ ಬರಲಿಲ್ಲ. ಆ ಕಥೆಯಲ್ಲಿ ಬುದ್ಧ ಯಾರನ್ನೂ ಧ್ಯಾನಕ್ಕೆ ಕೂರಿಸಲಿಲ್ಲ. ವಿಚಾರಿಸಿದ. ಉತ್ತರ ಗೊತ್ತಿದ್ದದ್ದು ಕೆಸರಿನಲ್ಲಿ ನಿಂತವರಿಗೆ.

ಜೂನ್ 19, ಗುರುವಾರ

ಹುಳು ಮೂರನೇ ಜ್ವರಕ್ಕೆ ಕೂತಿವೆ. ಮನೆಯೇ ನಿಶ್ಶಬ್ದ. ತಲೆ ಎತ್ತಿ, ಅಲುಗಾಡದೆ, ಒಂದೊಂದೂ ಪದ್ಮಾಸನ ಹಾಕಿದ ಹಾಗೆ. ಈ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಬಾರದು, ಹಾಸಿಗೆ ಒಣಗಿರಬೇಕು, ಗಾಳಿ ಆಡಬೇಕು. ನೂರಕ್ಕೆ ತೊಂಬತ್ತೈದು ಎದ್ದ ಮೇಲೇ ಸೊಪ್ಪು. ಮೊದಲು ಎದ್ದವು ತಲೆ ಆಡಿಸುತ್ತವೆಂದು ಕನಿಕರಪಟ್ಟು ಸೊಪ್ಪು ಎಸೆದರೆ ಬೆಳೆ ಹಿಂದು ಮುಂದಾಗಿ ಕೊನೆಗೆ ಕೈಕೊಡುತ್ತದೆ. ಕನಿಕರಕ್ಕೂ ಹೊತ್ತು ಗೊತ್ತು ಇದೆ.

ಮೈದುನ ಬೆಳಗಿನ ಜಾವ ಎದ್ದು ಹುಳುಮನೆಯ ಪಡಸಾಲೆಯಲ್ಲೇ ಕೂತಿದ್ದ. ಎದ್ದು ಬಂದವನ ಮುಖ ಸಪ್ಪಗಿತ್ತು. ಶಿಬಿರದಲ್ಲಿ ಪಂಚಶೀಲ ತೆಗೆದುಕೊಂಡಿದ್ದಾನೆ. ಅದರಲ್ಲಿ ಮೊದಲನೆಯದೇ ಜೀವ ಕೊಲ್ಲಬಾರದೆಂಬುದು. "ಇಷ್ಟು ಸಾವಿರ ಹುಳು, ಅತ್ತಿಗೆ. ಎಲ್ಲವನ್ನೂ ಬೇಯಿಸ್ತಾರಲ್ಲ" ಎಂದ.

ಬೇಯಿಸುತ್ತಾರೆ. ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಪ್ಯೂಪ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುತ್ತದೆ. ತೂತು ಬಿದ್ದ ಗೂಡಿನ ಎಳೆ ತುಂಡಾಗಿ ರೀಲಿಂಗಿಗೆ ಬರುವುದಿಲ್ಲ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಒಂದೇ ಎಳೆ ಇರುತ್ತದೆ. ಆ ಎಳೆಗಾಗಿ ಪ್ಯೂಪವನ್ನು ಒಳಗೇ ಕೊಲ್ಲಬೇಕು. ಇದನ್ನು ಮೆದು ಮಾಡಿ ಹೇಳಲು ಬರುವುದಿಲ್ಲ.

ಈ ಪ್ರಶ್ನೆ ಬುದ್ಧನ ಕಾಲದಲ್ಲೇ ಎದ್ದಿತ್ತು. ಆಳವಿ ಎಂಬ ಊರಿನಲ್ಲಿ ಕೆಲವು ಭಿಕ್ಷುಗಳು ರೇಷ್ಮೆ ಮಾಡುವವರ ಮನೆಗೆ ಹೋಗಿ, ನಮಗೆ ರೇಷ್ಮೆ ಬೆರೆಸಿದ ಹಾಸು ಬೇಕು, ಗೂಡು ಬೇಯಿಸಿ ಕೊಡಿ ಎಂದು ಕೇಳಿದರು. ರೇಷ್ಮೆಯವರು ಸಿಟ್ಟಾದರು. ಹೆಂಡತಿ ಮಕ್ಕಳ ಹೊಟ್ಟೆಗಾಗಿ ನಾವು ಇಷ್ಟೊಂದು ಸಣ್ಣ ಜೀವಗಳನ್ನು ಕೊಲ್ಲುವುದೇ ನಮ್ಮ ದುರದೃಷ್ಟ, ಮನೆ ಬಿಟ್ಟ ನಿಮಗೂ ಇದು ಬೇಕೆ ಎಂದು ಆಡಿಕೊಂಡರು. ದೂರು ಬುದ್ಧನವರೆಗೆ ಹೋಯಿತು. ಭಿಕ್ಷು ರೇಷ್ಮೆ ಬೆರೆಸಿದ ಹಾಸು ಮಾಡಿಸಿಕೊಳ್ಳಬಾರದೆಂದು ನಿಯಮವಾಯಿತು.

ಓದಿದಾಗಲೆಲ್ಲ ಇದು ನನ್ನನ್ನು ನಿಲ್ಲಿಸುತ್ತದೆ. ಬುದ್ಧ ರೇಷ್ಮೆಯವರ ಕಸುಬು ನಿಲ್ಲಿಸಲಿಲ್ಲ. ಅವರನ್ನು ಪಾಪಿಗಳೆನ್ನಲಿಲ್ಲ. ದಾನವಾಗಿ ಬಂದ ರೇಷ್ಮೆ ಬಟ್ಟೆಗೂ ಸಂಘದಲ್ಲಿ ಅನುಮತಿ ಇತ್ತು. ನಿಯಮ ಬಿದ್ದದ್ದು ಕೇಳಿ ಮಾಡಿಸಿಕೊಳ್ಳುವವರ ಮೇಲೆ. ಇನ್ನೊಂದು ವಿಷಯ: ಹುಳು ಸಾಯುವ ಸಂಕಟ ಧ್ಯಾನಿಗಳಿಗಿಂತ ಮೊದಲು ಗೊತ್ತಿದ್ದದ್ದು ಬೇಯಿಸುವ ಕೈಗೆ.

ಮೈದುನನಿಗೆ ಇದಿಷ್ಟೂ ಹೇಳಿದೆ. ಸಮಾಧಾನವಾಯಿತೋ ಇಲ್ಲವೋ ಗೊತ್ತಿಲ್ಲ. ಹುಳು ಎದ್ದ ಮೇಲೆ ಮೊದಲ ಸೊಪ್ಪು ಅವನೇ ಹಾಕಿದ.

ಜೂನ್ 24, ಮಂಗಳವಾರ. ಮುಳಬಾಗಿಲು

ಶಾಲೆಯಲ್ಲಿ ಡಿವಿಜಿ ಪಾಠ. 1887ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು ಎಂದರೆ ಮಕ್ಕಳಿಗೆ ಖುಷಿ. 'ಮಂಕುತಿಮ್ಮನ ಕಗ್ಗ' ಬರೆದವರು ಕಾಡಿಗೆ ಹೋಗಿ ಬರೆದಿರಬೇಕು ಎಂದು ಒಬ್ಬ ಹುಡುಗ ಹೇಳಿದ. ಇಲ್ಲಪ್ಪ, ಅವರು ಪತ್ರಕರ್ತರು, ಸಂಸ್ಥಾನದ ಆಡಳಿತವನ್ನು ಟೀಕಿಸುತ್ತಿದ್ದವರು, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದವರು ಎಂದೆ. ಕಗ್ಗ ಬರೆದವರಿಗೆ ರಾಜಕಾರಣ ಯಾಕೆ ಬೇಕಿತ್ತು ಮಿಸ್ ಎಂದು ಮರುಪ್ರಶ್ನೆ. ಬೆಲ್ ಹೊಡೆಯಿತು. ನಾಳೆ ಹೇಳಬೇಕು.

ಜೂನ್ 27, ಶುಕ್ರವಾರ

ಎರಡು ತಟ್ಟೆಯಲ್ಲಿ ಹಾಲು ರೋಗ ಕಾಣಿಸಿದೆ. ಮೈ ಊದಿ, ಹಳದಿ ಹತ್ತಿ, ಅಂಚಿನ ಮೇಲೆ ಓಡಾಡುತ್ತವೆ. ಚರ್ಮ ಒಡೆದು ಹಾಲಿನಂಥ ನೀರು ಸೋರಿದರೆ ಪಕ್ಕದವಕ್ಕೂ ಅಂಟುತ್ತದೆ. ಆರಿಸಿ ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿದ ಬಕೆಟ್ಟಿಗೆ ಹಾಕಿ ಹೂಳಬೇಕು. ಅರ್ಧ ರಾತ್ರಿಯವರೆಗೆ ಮೈದುನನೂ ನಾನೂ ಟಾರ್ಚ್ ಹಿಡಿದು ಆರಿಸಿದೆವು. ಅವನ ಕೈ ಮೊದಲು ತಡೆಯಿತು, ಆಮೇಲೆ ನನ್ನದಕ್ಕಿಂತ ಚುರುಕಾಯಿತು. ಸೂಕ್ಷ್ಮ ನೋಡುವುದನ್ನು ಶಿಬಿರದಲ್ಲಿ ಚೆನ್ನಾಗಿ ಕಲಿತಿದ್ದಾನೆ. ನನಗೆ ಕಾಣದ ಹುಳು ಅವನಿಗೆ ಕಾಣುತ್ತಿತ್ತು. ಬೇಸರವಿತ್ತು ಮುಖದಲ್ಲಿ, ಗಾಬರಿಯಿರಲಿಲ್ಲ. ಧ್ಯಾನದಿಂದ ಮನೆಗೆ ಬಂದ ಲಾಭ ಎಂದು ನಾನು ಬರೆದಿಡಬಹುದಾದದ್ದು ಇದನ್ನೇ.

ತೋತಾಪುರಿಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಗೆ ಕೇಂದ್ರ ಒಪ್ಪಿದೆ. 2.5 ಲಕ್ಷ ಟನ್‌ವರೆಗೆ, ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆಯ ವ್ಯತ್ಯಾಸ ಕೊಡುತ್ತಾರಂತೆ. ಬೀದಿಗೆ ಬಂದು ಕೂತದ್ದಕ್ಕೆ ಇಷ್ಟಾದರೂ ಆಯಿತು. ಧರಣಿ ಕೂರುವುದೂ ಕೂರುವುದೇ.

ಜುಲೈ 8, ಮಂಗಳವಾರ

ಗೂಡು ಕೋಲಾರದ ಮಾರುಕಟ್ಟೆಗೆ ಹೋಯಿತು. ಇವರೂ ಮೈದುನನೂ ಹೋಗಿದ್ದರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ರಾತ್ರಿಯಿಂದ ಯಾರೂ ಸರಿಯಾಗಿ ಮಲಗಿಲ್ಲ. ರೋಗದಲ್ಲಿ ಹೋದದ್ದು ಹೋಗಿ ಬೆಳೆ ಪರವಾಗಿಲ್ಲ. ಇ-ಹರಾಜಿನಲ್ಲಿ ರೀಲರ್ ಒಬ್ಬರು ಲಾಟು ಹಿಡಿದರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಪ್ಯೂಪ ಗಟ್ಟಿಯಾಗಿದೆಯೆಂದು ಖಾತ್ರಿ ಮಾಡಿಕೊಂಡರಂತೆ. ಮೈದುನ ಅದನ್ನು ಹೇಳಿ ಸುಮ್ಮನಾದ. ನಾನೂ ಏನೂ ಹೇಳಲಿಲ್ಲ. ಈ ದುಡ್ಡಿನಲ್ಲಿ ಸೊಸೈಟಿಯ ಬಾಕಿ ತೀರುತ್ತದೆ, ಅತ್ತೆಯ ಕಣ್ಣಿನ ಆಪರೇಷನ್ ಆಗುತ್ತದೆ.

ಜುಲೈ 10, ಗುರುವಾರ. ಆಷಾಢ ಹುಣ್ಣಿಮೆ

ಸಾರನಾಥದಲ್ಲಿ ಬುದ್ಧ ಮೊದಲ ಉಪದೇಶ ಮಾಡಿದ ದಿನ. ನಾಳೆಯಿಂದ ಭಿಕ್ಷುಗಳ ವರ್ಷಾವಾಸ, ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಂತು ಸಾಧನೆ.

ಈ ವರ್ಷಾವಾಸ ಶುರುವಾದದ್ದಕ್ಕೂ ಒಂದು ದೂರೇ ಕಾರಣ. ಮೊದಮೊದಲು ಭಿಕ್ಷುಗಳು ಮಳೆಗಾಲದಲ್ಲೂ ಊರೂರು ತಿರುಗುತ್ತಿದ್ದರು. ಜನ ಬೈದರು: ಹಸಿರು ತುಳಿಯುತ್ತಾರೆ, ಸಣ್ಣ ಸಣ್ಣ ಜೀವ ಸಾಯಿಸುತ್ತಾರೆ, ಹಕ್ಕಿಗಳು ಕೂಡ ಮಳೆಗಾಲಕ್ಕೆ ಗೂಡು ಸೇರುತ್ತವೆ, ಇವರಿಗೆ ಅಷ್ಟೂ ತಿಳಿಯದೆ? ಬುದ್ಧ ಕೇಳಿಸಿಕೊಂಡ. ಒಂದೇ ಕಡೆ ನಿಲ್ಲಿ ಎಂದ. ಈಗ ಜಗತ್ತಿನಾದ್ಯಂತ ಥೇರವಾದ ಭಿಕ್ಷುಗಳು ಪವಿತ್ರವೆಂದು ಪಾಲಿಸುವ ಈ ಏಕಾಂತದ ಕಾಲವನ್ನು ಹೊಲದ ಬದುವಿನಲ್ಲಿ ನಿಂತ ಜನರ ಬೈಗುಳ ತಂದುಕೊಟ್ಟಿತು.

ಎರಡು ತಿಂಗಳಿಂದ ಬರೆದದ್ದನ್ನು ಇವತ್ತು ತಿರುವಿ ಹಾಕಿದೆ. ಆಳವಿಯ ರೇಷ್ಮೆಯವರು, ರೋಹಿಣಿ ದಡದ ಆಳುಗಳು, ಮಳೆಯಲ್ಲಿ ಬೈದ ಜನ. ಮೂರು ಕಡೆಯೂ ಧ್ಯಾನ ಮಾಡಿದವನು ದುಡಿಯುವವರ ಮಾತು ಕೇಳಿ ತನ್ನ ದಾರಿ ತಿದ್ದಿಕೊಂಡಿದ್ದಾನೆ, ಇಲ್ಲವೇ ತನ್ನವರ ದಾರಿ ತಿದ್ದಿದ್ದಾನೆ. ಧ್ಯಾನವೋ ಕೆಲಸವೋ ಎಂದು ತಕ್ಕಡಿ ಹಿಡಿದು ತೂಗುವುದು ನಾವು ಮಾಡಿಕೊಂಡ ಗೊಂದಲ. ಹಳೆಯ ಗ್ರಂಥಗಳಲ್ಲಿ ಪ್ರಶ್ನೆ ಅದಲ್ಲ. ಕೂತವನ ಶಾಂತಿಯ ಖರ್ಚು ಯಾರು ಹೊರುತ್ತಿದ್ದಾರೆ, ಅವರ ದೂರು ಅವನಿಗೆ ಕೇಳಿಸುತ್ತಿದೆಯೇ ಎಂಬುದು ಅಲ್ಲಿರುವ ಪ್ರಶ್ನೆ. ಕೇಳಿಸುವ ಹಾಗಿದ್ದರೆ ಧ್ಯಾನ ಊರಿಗೆ ಉಪಕಾರ. ಕೇಳಿಸದ ಧ್ಯಾನ ಒಳ್ಳೆಯ ನಿದ್ದೆ ಕೊಡಬಹುದು, ಅಷ್ಟೇ.

ಮುಂದಿನ ಬೆಳೆಗೆ ಚಾಕಿ ಕೇಂದ್ರದಲ್ಲಿ ಮುಂಗಡ ಕೊಟ್ಟಾಗಿದೆ. ಬೆಳಗಿನ ಸೊಪ್ಪು ಮೈದುನನದು, ಸಂಜೆಯದು ನನ್ನದು ಎಂದು ಮಾತಾಗಿದೆ. ಅವನು ಸೊಪ್ಪು ಹಾಕಿ ಬಂದು ಕೂರುತ್ತಾನೆ.